ಎಡಗೈಯವರು ಬೋಲ್ಟ್ ರೈಫಲ್ ಆರಿಸುವುದು ಹೇಗೆ: ಕಣ್ಣಿನಿಂದ ಕಾಗದದವರೆಗೆ, ಹಂತ ಹಂತವಾಗಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಒಂದೇ ಪ್ರಶ್ನೆ ತಿರುಗಾ ಮುರುಗಾ ಬರುತ್ತಿದೆ. "ನಾನು ಎಡಚ. ಲೈಸೆನ್ಸ್ ಆಯ್ತು, ರೈಫಲ್ ತಗೊಂಡೆ, ಈಗ ಬೋಲ್ಟ್ ಎಳೆಯೋಕೆ ಕೈ ಬರ್ತಿಲ್ಲ. ಏನ್ ಮಾಡ್ಲಿ?" ಅಷ್ಟು ಹೊತ್ತಿಗೆ ಮಾಡುವಂಥದ್ದು ಜಾಸ್ತಿ ಏನೂ ಉಳಿದಿರುವುದಿಲ್ಲ. ದುಡ್ಡು ಹೋಗಿದೆ, ಲೈಸೆನ್ಸಿನಲ್ಲಿ ನಂಬರ್ ಏರಿದೆ, ವಾಪಸ್ ಕೊಡಬೇಕೆಂದರೆ ಮತ್ತೆ ಕಚೇರಿ ಸುತ್ತಬೇಕು. ಬೋಲ್ಟ್ ಅಂದರೆ ಪ್ರತಿ ಗುಂಡಿಗೂ ಕೈಯಿಂದ ಹಿಂದೆ ಎಳೆದು ಮುಂದೆ ತಳ್ಳುವ ಉಕ್ಕಿನ ಭಾಗ, ಮಾಮೂಲಿ ರೈಫಲ್ಲಿನಲ್ಲಿ ಅದರ ಹಿಡಿ ಬಲಗಡೆ ಇರುತ್ತದೆ.

ತಪ್ಪಾಗುವುದು ಆರಿಸುವ ಕ್ರಮದಲ್ಲಿ. ಮೊದಲು ಅಂಗಡಿಯಲ್ಲಿ ಕಟ್ಟಿಗೆಯ ಹೊಳಪು ನೋಡಿ ಮನಸ್ಸು ಕೊಡುತ್ತಾರೆ, ಆಮೇಲೆ ಕಾಡತೂಸು ಸಿಗುತ್ತದಾ ಅಂತ ಕೇಳುತ್ತಾರೆ, ಕೊನೆಗೆ ಮನೆಗೆ ಬಂದು ಎಡ ಹೆಗಲಿಗೆ ಇಟ್ಟು ನೋಡುತ್ತಾರೆ. ಇಲ್ಲಿ ಅದನ್ನು ಪೂರ್ತಿ ತಿರುಗಿಸಿ ಬರೆದಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲೆ ಹಂಟಿಂಗ್ ರೈಫಲ್ ಅಂತಲೋ ಸ್ಪೋರ್ಟಿಂಗ್ ರೈಫಲ್ ಅಂತಲೋ ಬರೆದಿರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶೋಕಿಗೆ ಬೇಟೆ ಆಡುವ ಹಾಗಿಲ್ಲ. ಬೆಳೆ ಕಾಯಲು, ಜೀವ ಕಾಯಲು, ಇಲ್ಲವೇ ರೇಂಜಿನಲ್ಲಿ ಗುರಿ ಹೊಡೆಯಲು ಕಾನೂನು ಪ್ರಕಾರ ಬಂದೂಕು ಇಟ್ಟುಕೊಳ್ಳುವವರಿಗೆ ಮಾತ್ರ ಈ ಬರಹ.

## ಅಂಗಡಿಗೆ ಹೋಗುವಾಗ ಜೊತೆಗೆ ಏನಿರಬೇಕು

ಸಣ್ಣ ಟಾರ್ಚ್, ಒಂದು ಬಿಳಿ ಕಾಗದ, ಚೂರು ಹತ್ತಿ, ಅಳತೆ ಟೇಪು, ನೀವು ದಿನಾ ಹಾಕುವ ಕನ್ನಡಕ. ನೀವು ಕೊಳ್ಳುವ ಬೋರಿನ (ನಳಿಗೆಯ ಒಳ ಅಳತೆಯ) ಡಮ್ಮಿ ಕಾಡತೂಸು, ಅಂದರೆ ಮದ್ದಿಲ್ಲದ ನಕಲಿ ಕಾಡತೂಸು, ನಾಲ್ಕೈದು ಇದ್ದರೆ ಅರ್ಧ ಕೆಲಸ ಆದಂತೆ. ನಿಮ್ಮ ಹತ್ತಿರ ಇಲ್ಲದಿದ್ದರೆ ಡೀಲರ್ ಹತ್ತಿರ ಕೇಳಿ. ಕ್ಲೀನಿಂಗ್ ರಾಡ್ ಮತ್ತು ಒಣ ಬಟ್ಟೆ ತುಂಡು ಅವರಲ್ಲೇ ಇರುತ್ತದೆ. ಹೊಲದಲ್ಲಿ ಹಾಕುವ ಉದ್ದ ತೋಳಿನ ಅಂಗಿಯನ್ನೇ ಹಾಕಿಕೊಂಡು ಹೋಗಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

## ಹಂತ 1: ಕೈ ಬಿಡಿ, ಮೊದಲು ಕಣ್ಣು ನೋಡಿ

ಎಡಗೈಯಲ್ಲಿ ಬರೆಯುತ್ತೀರಿ, ಎಡಗೈಯಲ್ಲಿ ಕುಡುಗೋಲು ಹಿಡಿಯುತ್ತೀರಿ ಅಂದ ಮಾತ್ರಕ್ಕೆ ಎಡ ಹೆಗಲಿಗೇ ರೈಫಲ್ ಇಡಬೇಕು ಅಂತಿಲ್ಲ. ಗುರಿ ಹಿಡಿಯುವುದು ಕಣ್ಣು. ಇಬ್ಬರಲ್ಲಿ ಒಬ್ಬ ಯಜಮಾನ ಇದ್ದಂತೆ ಎರಡು ಕಣ್ಣಲ್ಲಿ ಒಂದರ ಮಾತು ಹೆಚ್ಚು ನಡೆಯುತ್ತದೆ.

ಪರೀಕ್ಷೆ ಸುಲಭ. ಎರಡೂ ಕೈ ಮುಂದೆ ಚಾಚಿ, ಅಂಗೈಗಳನ್ನು ಜೋಡಿಸಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಿಂದ ದೂರದ ಲೈಟ್ ಕಂಬ ನೋಡಿ. ಈಗ ಬಲಗಣ್ಣು ಮುಚ್ಚಿ. ಕಂಬ ಕಿಂಡಿಯಲ್ಲೇ ಉಳಿದರೆ ಎಡಗಣ್ಣು ನಿಮ್ಮ ಗುರಿಗಣ್ಣು. ಕಂಬ ಜಿಗಿದು ಮಾಯವಾದರೆ ಬಲಗಣ್ಣು. ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಮಾಡಿ ನೋಡಿ, ಉತ್ತರ ಒಂದೇ ಬರಬೇಕು.

ಕೈ ಎಡ, ಕಣ್ಣು ಬಲ ಅಂತ ಬಂದರೆ ನಿಮ್ಮ ಸಮಸ್ಯೆ ಅಲ್ಲಿಗೇ ಅರ್ಧ ಮುಗಿಯಿತು. ಬಲ ಹೆಗಲಿಗೆ ಇಟ್ಟು ಕಲಿಯಿರಿ. ಹೊಸಬರಿಗೆ ಇದು ಅಂದುಕೊಂಡಷ್ಟು ಕಷ್ಟ ಅಲ್ಲ, ಬೆರಳಿಗೆ ಇರುವ ಕೆಲಸ ಟ್ರಿಗರ್ ಒತ್ತುವುದು ಮಾತ್ರ. ಆಗ ಮಾಮೂಲಿ ರೈಫಲ್ಲೇ ನಿಮ್ಮ ರೈಫಲ್. ಕೈಯೂ ಎಡ, ಕಣ್ಣೂ ಎಡ ಇದ್ದವರು ಮುಂದೆ ಓದಿ. ಕಣ್ಣಿಗೆ ವಿರುದ್ಧವಾಗಿ ಒತ್ತಾಯ ಮಾಡಿ ಬಲಗಡೆ ಕಲಿತವರು ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಕಿವುಚಿ ಹೊಡೆಯುತ್ತಾರೆ. ಅವರ ಗುಂಡು ಬೋರ್ಡಿನ ತುಂಬ ಚೆಲ್ಲಾಪಿಲ್ಲಿ.

ನಾಗರಿಕ ಬಂದೂಕು ತರಬೇತಿಗೆ ಹೋದಾಗ ಮೊದಲ ದಿನವೇ ತರಬೇತಿ ಕೊಡುವವರಿಗೆ "ಸರ್, ನಾನು ಎಡಗಣ್ಣು" ಅಂತ ಹೇಳಿ. ಹೇಳದಿದ್ದರೆ ಸಾಲಿನಲ್ಲಿ ಎಲ್ಲರಂತೆ ಬಲಗಡೆ ಮಲಗಿಸುತ್ತಾರೆ, ಅದೇ ರೂಢಿ ಆಗುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸಿಗೆ ಸುರಕ್ಷತಾ ತರಬೇತಿ ಹೇಗೂ ಬೇಕು. ಅದನ್ನು ಸರ್ಟಿಫಿಕೇಟಿಗೆ ಮಾತ್ರ ಅಂತ ನೋಡದೆ ಹೆಗಲು ತೀರ್ಮಾನ ಮಾಡಲು ಬಳಸಿಕೊಳ್ಳಿ.

## ಹಂತ 2: ನಿಮಗೆ ಬೇಕಿರುವುದು ರೈಫಲ್ಲೇ ಹೌದಾ?

ಇಲ್ಲಿ ನನಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು ಅನಿಸುತ್ತದೆ. ವಿಜಯಪುರದ ಕಡೆ ನೆಲ ತಟ್ಟೆಯಂತೆ ಸಪಾಟು. ಜೋಳದ ಹೊಲದ ಆಚೆ ಇನ್ನೊಂದು ಹೊಲ, ಅದರಾಚೆ ತೋಟದ ಮನೆ, ದನ ಕಾಯುವ ಹುಡುಗ. ಸಣ್ಣ .22 ಗುಂಡಿಗೇ ಕಂಪನಿಗಳು ಡಬ್ಬಿಯ ಮೇಲೆ ಒಂದೂವರೆ ಮೈಲಿಯ ಎಚ್ಚರಿಕೆ ಹಾಕುತ್ತವೆ. ದೊಡ್ಡ ಬೋರಿನ ರೈಫಲ್ ಗುಂಡು ಅದಕ್ಕಿಂತಲೂ ಬಹಳ ಮುಂದೆ ಹೋಗುತ್ತದೆ. ಗುರಿಯ ಹಿಂದೆ ಗುಡ್ಡವೋ ಎತ್ತರದ ಒಡ್ಡೋ ಇಲ್ಲದ ಜಾಗದಲ್ಲಿ ರೈಫಲ್ ಹೊಡೆಯುವುದು ಅಂದರೆ ಕಣ್ಣು ಮುಚ್ಚಿ ಊರ ಮೇಲೆ ಹೊಡೆದ ಹಾಗೆಯೇ.

ಖಾನಾಪುರದ ಕಡೆ ದಿಬ್ಬ, ಇಳಿಜಾರು ಇದೆ, ಅಲ್ಲಿ ಲೆಕ್ಕ ಬೇರೆ. ಮುಧೋಳ, ಜಮಖಂಡಿಯ ಕಬ್ಬಿನಲ್ಲಿ ಹತ್ತು ಮಾರು ಆಚೆಗಿನದು ಕಾಣುವುದಿಲ್ಲ, ಅಲ್ಲಿ ರೈಫಲ್ ಏನು ಮಾಡುತ್ತದೆ? ಹಂದಿ ಓಡಿಸಲು ಸದ್ದು ಸಾಕು ಅನ್ನುವವರಿಗೆ 12 ಬೋರಿನ ಛರ್ರೆ ಬಂದೂಕು ವಾಸಿ. ಅದರಲ್ಲಿ ಎಡ-ಬಲದ ತಲೆನೋವೂ ಕಡಿಮೆ, ಮುರಿದು ತುಂಬುವ ಜೋಡುನಳಿಗೆಗೆ ಬೋಲ್ಟ್ ಎಂಬುದೇ ಇಲ್ಲ.

ಕಾನೂನಿನದೂ ಇಲ್ಲೇ ನೋಡಿಕೊಳ್ಳಿ. ಕೊಡಗಿನವರಿಗೆ ಇರುವ ಲೈಸೆನ್ಸ್ ವಿನಾಯಿತಿ ನಮ್ಮ ಕಡೆಯವರಿಗೆ ಇಲ್ಲ. ಲೈಸೆನ್ಸ್ ಕೈಯಲ್ಲಿದ್ದರೂ ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟ ಅರಣ್ಯ ಅಧಿಕಾರಿಯ ಲಿಖಿತ ಆದೇಶ ಬೇಕು. ಬಾಯಿಮಾತಿನ "ಹೊಡ್ಕೋ ಹೋಗಪಾ" ನಡೆಯುವುದಿಲ್ಲ. ಕೃಷ್ಣಮೃಗ, ಚಿಂಕಾರ, ನವಿಲು ಬೆಳೆಗೆ ಬಂದರೆ ಬಂದೂಕಿನ ಕಡೆ ನೋಡಲೂ ಬೇಡಿ.

ಖಾನಾಪುರದ ಭೀಮಗಡ, ಗೋಕಾಕದ ಘಟಪ್ರಭಾ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಧಾಮ, ಇವುಗಳ 10 ಕಿಲೋಮೀಟರ್ ಒಳಗೆ ನಿಮ್ಮ ಮನೆ ಇದ್ದರೆ ಇನ್ನೊಂದು ತೊಡಕಿದೆ. ಆ ವ್ಯಾಪ್ತಿಯಲ್ಲಿ ಹೊಸ ಬಂದೂಕು ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಧಾಮ ಘೋಷಣೆ ಆಗುವ ಮೊದಲೇ ಲೈಸೆನ್ಸ್ ಇದ್ದವರು ಹೆಸರು ನೋಂದಾಯಿಸಬೇಕು. ಇದು ಗೊತ್ತಿಲ್ಲದೆ ಮುಂಗಡ ಕೊಟ್ಟು ಕೂತವರಿದ್ದಾರೆ.

## ಹಂತ 3: ಬೋರ್ ಆರಿಸುವುದು ಕಾಡತೂಸು ನೋಡಿ

ರೈಫಲ್ ಒಂದೇ ಸಲ ಕೊಳ್ಳುತ್ತೀರಿ, ಕಾಡತೂಸು ವರ್ಷಾ ಕೊಳ್ಳುತ್ತೀರಿ. ಹಾಗಾಗಿ ಡೀಲರ್ ಹತ್ತಿರ ಕೇಳುವ ಮೊದಲ ಪ್ರಶ್ನೆ "ಈ ಬೋರಿನದು ಈಗ ಅಲಮಾರಿನಲ್ಲಿ ಇದೆಯಾ? ತೋರಿಸಿ" ಅನ್ನುವುದು. "ತರಿಸ್ಕೊಡ್ತೀವಿ" ಅಂದರೆ ಇಲ್ಲ ಅಂತಲೇ ಅರ್ಥ.

ನಮ್ಮಲ್ಲಿ ಸಾಮಾನ್ಯ ಲೈಸೆನ್ಸಿಗೆ ಸಿಗುವ ಸರ್ಕಾರಿ ಕಾರ್ಖಾನೆಯ ಬೋಲ್ಟ್ ರೈಫಲ್ ಅಂದರೆ .315, .30-06 ಮತ್ತು .22. ಇಷಾಪುರ ರೈಫಲ್ ಕಾರ್ಖಾನೆಯ .315 ಎಲ್ಲಕ್ಕಿಂತ ಹೆಚ್ಚು ಕಾಣಸಿಗುವುದು. ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡ್ 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆದ ಮೇಲೆ ಈ ಕಾರ್ಖಾನೆ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಸೇರಿದೆ. ಹೊಸ ಬಿಲ್ಲಿನಲ್ಲಿ ಬೇರೆ ಹೆಸರು ಕಂಡು ಗಾಬರಿ ಆಗಬೇಡಿ.

.303 ಮತ್ತು 7.62 ಸೇನೆಯ ಬೋರುಗಳು, ಮಾಮೂಲಿ ಲೈಸೆನ್ಸಿಗೆ ಬರುವುದಿಲ್ಲ. .22 ಗುರಿ ಅಭ್ಯಾಸಕ್ಕೆ ಒಳ್ಳೆಯದು. ಆದರೆ ಕಾಡುಹಂದಿಗೆ ಅದು ಸಾಲದು. ಗಾಯಗೊಂಡ ಹಂದಿ ಕಬ್ಬಿನೊಳಗೆ ಕೂತರೆ ಮಾರನೇ ದಿನ ಕಬ್ಬು ಕಡಿಯಲು ಬಂದವರ ಮೈಮೇಲೆ ಬರುತ್ತದೆ.

ದೇಸಾಯರ ವಾಡೆಗಳಿಂದ ಆಗಾಗ ಹಳೆಯ ಇಂಗ್ಲಿಷ್, ಜರ್ಮನ್ ರೈಫಲ್ ಮಾರಾಟಕ್ಕೆ ಬರುತ್ತವೆ. .275, .318, .423 ಇಂಥವು. ಕೆಲಸಗಾರಿಕೆ ನೋಡಿದರೆ ಕೈ ಹಿಂದೆ ತೆಗೆಯಲು ಮನಸ್ಸಾಗುವುದಿಲ್ಲ, ಅದು ನಿಜ. ಆದರೆ ಕಾಡತೂಸು? ಅಜ್ಜನ ಕಾಲದ ಹಸಿರು ಹಿಡಿದ ನಾಲ್ಕು ಕಾಡತೂಸು ಜೊತೆಗೆ ಕೊಡುತ್ತಾರೆ, ಅಷ್ಟೇ. ಗೋಡೆಗೆ ನೇತುಹಾಕಲು ಬಂದೂಕು ಕೊಳ್ಳುವವರಾದರೆ ಕೊಳ್ಳಿ.

ಇಲ್ಲಿ ಒಂದು ಅಪಾಯದ ಗೊಂದಲವಿದೆ. .315 ಅನ್ನು ನಮ್ಮಲ್ಲಿ 8 ಎಂ.ಎಂ. ಅಂತಲೂ ಕರೆಯುತ್ತಾರೆ. ಆದರೆ ಹಳೆ ಜರ್ಮನ್ 8 ಎಂ.ಎಂ. ಮೌಸರ್ ಕಾಡತೂಸು ಬೇರೆಯದೇ. .315ಗೆ ತಳದಲ್ಲಿ ಹೊರಚಾಚಿದ ಅಂಚು ಇದೆ, ಮೌಸರ್‌ಗೆ ಇಲ್ಲ. ಒಂದರದನ್ನು ಇನ್ನೊಂದಕ್ಕೆ ಹಾಕಲು ಹೋಗಬೇಡಿ. ಬ್ಯಾರೆಲ್ ಮೇಲೆ ಕೆತ್ತಿದ್ದು, ಕಾಡತೂಸಿನ ತಳದಲ್ಲಿ ಒತ್ತಿದ್ದು, ಲೈಸೆನ್ಸಿನಲ್ಲಿ ಬರೆದಿದ್ದು ಮೂರೂ ಒಂದೇ ಇರಬೇಕು.

## ಹಂತ 4: ಎಡಗೈ ಬೋಲ್ಟಾ, ಬಲಗೈ ಬೋಲ್ಟಾ?

ಅಸಲಿ ಎಡಗೈ ರೈಫಲ್ಲಿಗೆ ಮೂರು ಗುರುತು: ಬೋಲ್ಟಿನ ಹಿಡಿ ಎಡಗಡೆ, ಖಾಲಿ ಕೇಸು (ಗುಂಡು ಹಾರಿದ ಮೇಲೆ ಉಳಿಯುವ ಕಾಡತೂಸಿನ ಕೊಳವೆ) ಹೊರಬೀಳುವ ಕಿಂಡಿ ಎಡಗಡೆ, ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೊಂಡಿ) ಎಡ ಹೆಬ್ಬೆರಳಿಗೆ ಸಿಗುವ ಜಾಗದಲ್ಲಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಏನೋ ಬೇರೆ ಇದೆ ಅಂತ ತಿಳಿಯಿರಿ. ಕೆಲವರು ಎರಡೂ ಕಡೆಗೆ ಹೊಂದುವ ಬಟ್ (ಹೆಗಲಿಗೆ ಒರಗುವ ಹಿಂಭಾಗ) ಇರುವ ಮಾಮೂಲಿ ರೈಫಲ್ ತೋರಿಸಿ "ಇದು ಎಡಗೈಗೂ ಬರುತ್ತೆ" ಅನ್ನುತ್ತಾರೆ. ಬಟ್ ಮಾತ್ರ ಬರುತ್ತದೆ, ಬೋಲ್ಟ್ ಬಲಗಡೆಯೇ.

ಫಿನ್‌ಲ್ಯಾಂಡಿನ ಟಿಕ್ಕಾ, ಅಮೆರಿಕದ ಸ್ಯಾವೇಜ್ ಮತ್ತು ರೆಮಿಂಗ್ಟನ್ 700, ಜರ್ಮನಿಯ ಬ್ಲೇಸರ್ ಎಡಗೈಯವರಿಗೆ ಅಂತಲೇ ಮಾಡಿದವನ್ನು ಹೊರದೇಶಗಳಲ್ಲಿ ಮಾರಿವೆ. ಇಲ್ಲಿ ಅದರ ಆಸೆ ಬಿಡಿ. ಸಾಮಾನ್ಯ ಲೈಸೆನ್ಸ್‌ದಾರರು ಹೊರಗಿನಿಂದ ಬಂದೂಕು ತರಿಸುವ ಹಾಗಿಲ್ಲ. ಆ ದಾರಿ ಇರುವುದು ಮುಖ್ಯವಾಗಿ ಸರ್ಕಾರದ ಮಾನ್ಯತೆ ಪಡೆದ ಹೆಸರಾಂತ ಶೂಟರ್‌ಗಳಿಗೆ. "ಅಮೆರಿಕದಲ್ಲಿ ಅಳಿಯ ಇದ್ದಾನೆ, ಬರುವಾಗ ತರ್ತಾನೆ" ಅಂತ ಕೇಳಿದವರೂ ಇದ್ದಾರೆ. ಅಳಿಯ ವಿಮಾನ ನಿಲ್ದಾಣದಿಂದ ಮನೆಗೆ ಬರುವುದಿಲ್ಲ, ಅಷ್ಟು ನೆನಪಿರಲಿ.

ಉಳಿದದ್ದು ಸೆಕೆಂಡ್ ಹ್ಯಾಂಡ್. ಆಮದು ಬಿಗಿಯಾಗುವ ಮೊದಲು ದೇಶಕ್ಕೆ ಬಂದವುಗಳಲ್ಲಿ ಎಡಗೈಯದು ಬಹಳ ಅಪರೂಪ. ಸಿಕ್ಕರೆ ಅದೃಷ್ಟ. ಆದರೆ ಅಪರೂಪಕ್ಕೆ ಸಿಕ್ಕಿತು ಅಂತ ಸವೆದ ಬ್ಯಾರೆಲ್ ಕೊಳ್ಳುವವರು ಜಾಸ್ತಿ. ಗಟ್ಟಿಯಾದ ಬಲಗೈ ರೈಫಲ್ ಒಂದು, ಲಡಕಾಸಿ ಎಡಗೈ ರೈಫಲ್ ಒಂದು ಮುಂದಿಟ್ಟರೆ ನಾನು ಕಣ್ಣು ಮುಚ್ಚಿ ಮೊದಲನೆಯದನ್ನು ತೆಗೆದುಕೊಳ್ಳುತ್ತೇನೆ.

ಹಾಗಾದರೆ ಬಲಗೈ ಬೋಲ್ಟನ್ನು ಎಡ ಹೆಗಲಿನಿಂದ ನಡೆಸುವುದು ಹೇಗೆ? ಎಡಗೈಯನ್ನು ರೈಫಲ್ ಮೇಲಿಂದ ದಾಟಿಸಿ ಎಳೆಯುವುದು ಎಲ್ಲರಿಗೂ ಮೊದಲು ಹೊಳೆಯುವ ರೀತಿ, ಅದೇ ಕೆಟ್ಟ ರೀತಿ. ಒಂದು ಅಂಗಡಿಯಲ್ಲಿ ಹುಡುಗನೊಬ್ಬ ಹೀಗೆ ಎಳೆಯುವುದನ್ನು ನೋಡಿದೆ. ಬೋಲ್ಟ್ ಹಿಂದೆ ಬಂತು, ತೋಳಿನ ಗುಂಡಿ ಕಿಂಡಿಯ ಅಂಚಿಗೆ ಸಿಕ್ಕಿತು, ಬಿಡಿಸಲು ಎಳೆದಾಗ ಬಂದೂಕಿನ ಬಾಯಿ ಕೌಂಟರ್ ಹಿಂದೆ ಕೂತವರ ಎದೆಯನ್ನು ದಾಟಿ ಗೋಡೆಯ ಗಡಿಯಾರಕ್ಕೆ ಹೋಯಿತು. ಖಾಲಿ ಬಂದೂಕು, ನಿಜ. ಆದರೂ ಅಂಗಡಿಯವರ ಮುಖ ನೋಡಬೇಕಿತ್ತು. ದುರ್ಬೀನು ಕೂರಿಸಿದ್ದರೆ ಮಣಿಕಟ್ಟು ಅದಕ್ಕೂ ಬಡಿಯುತ್ತದೆ.

ಸರಿಯಾದ ರೀತಿ ಎರಡು.

1. ಬಂದೂಕಿನ ಮುಂಭಾಗ ಮರಳು ಚೀಲದ ಮೇಲೆ ಕೂತಿದ್ದರೆ ಎಡಗೈ ಬಟ್ಟಿನ ಹಿಡಿಯಲ್ಲೇ ಇರಲಿ, ಬೆರಳು ಟ್ರಿಗರ್ ಹೊರಗಿರಲಿ, ಖಾಲಿ ಇರುವ ಬಲಗೈಯಿಂದ ಬೋಲ್ಟ್ ನಡೆಸಿ. ಚೀಲದ ಮೇಲೆ ಇದು ಬಲಗೈಯವರಿಗಿಂತಲೂ ಆರಾಮ, ಯಾಕೆಂದರೆ ಟ್ರಿಗರ್ ಕೈ ಜಾಗ ಬಿಡುವುದೇ ಇಲ್ಲ.
2. ನಿಂತಿದ್ದರೆ ಬಟ್ ಅನ್ನು ಹೆಗಲಿನಿಂದ ಇಳಿಸಿ ಎಡ ಕಂಕುಳಕ್ಕೆ ಒತ್ತಿ, ಬಾಯಿ ಸುರಕ್ಷಿತ ಕಡೆಗೇ ಇಟ್ಟು, ಬಲಗೈಯಿಂದ ಎಳೆಯಿರಿ. ನಿಧಾನ ಆಗುತ್ತದೆ, ಆಗಲಿ.

.315 ಆರಿಸುವವರಿಗೆ ಇನ್ನೊಂದು ಸೂಕ್ಷ್ಮ ಗೊತ್ತಿರಬೇಕು. ಅದು ಹಳೆ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ ಮಾದರಿಯ ಬೋಲ್ಟ್. ಬೋಲ್ಟಿನ ಹಿಡಿ ಎತ್ತುವುದು 60 ಡಿಗ್ರಿಯಷ್ಟು, ಮೌಸರ್ ಮಾದರಿಯ 90 ಡಿಗ್ರಿಗಿಂತ ಕಡಿಮೆ, ಹಾಗಾಗಿ ಎತ್ತುವುದು ಹಗುರ. ಆದರೆ ಸ್ಪ್ರಿಂಗ್ ಬಿಗಿಯಾಗುವುದು ಬೋಲ್ಟ್ ಮುಂದೆ ತಳ್ಳುವಾಗ. ಕೊನೆಯ ಒಂದು ಇಂಚು ಜೋರಾಗಿ ತಳ್ಳಬೇಕು. ಮೇಲಿಂದ ಕೈ ದಾಟಿಸಿ ಎಳೆಯುವ ಎಡಗೈಯವರು ಅರ್ಧ ಮುಚ್ಚಿ ಬಿಡುವುದು ಇಲ್ಲೇ. ಈ ಮಾದರಿಯ ಸೇಫ್ಟಿ ಎಡಗಡೆ ಇರುತ್ತದೆ. ಬಟ್ಟಿನ ಹಿಡಿ ಬಿಡದೆ ನಿಮ್ಮ ಬೆರಳು ಅಲ್ಲಿಗೆ ಹೋಗುತ್ತದಾ ಅಂತ ನೀವೇ ನೋಡಬೇಕು, ಒಬ್ಬೊಬ್ಬರ ಕೈ ಒಂದೊಂದು ಥರ.

ಬಲಗೈ ಬೋಲ್ಟನ್ನು ಬೆಸುಗೆ ಹಾಕಿಸಿ ಎಡಕ್ಕೆ ತಿರುಗಿಸುತ್ತೇನೆ ಅನ್ನುವವರ ಮಾತು ಕೇಳಲೇಬೇಡಿ. ಬೆಂಕಿ ತಾಗಿದ ಬೋಲ್ಟಿನ ಉಕ್ಕಿನ ಹದ ಹೋಗುತ್ತದೆ, ಆ ಉಕ್ಕು ತಡೆಯಬೇಕಾದ ಒತ್ತಡ ಇರುವುದು ನಿಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ. ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವುದು, ಬದಲಾಯಿಸುವುದು 1959ರ ಆಯುಧ ಕಾಯ್ದೆಯಡಿ ಅಪರಾಧ ಕೂಡ.

## ಹಂತ 5: ಹೆಗಲಿಗೆ ಕೂರುತ್ತದಾ?

ಕಣ್ಣು ಮುಚ್ಚಿ ರೈಫಲ್ ಎಡ ಹೆಗಲಿಗೆ ಏರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ಮುಂದಿನ ಮತ್ತು ಹಿಂದಿನ ಸೈಟು ಹೆಚ್ಚೂ ಕಡಿಮೆ ಒಂದೇ ಗೆರೆಯಲ್ಲಿ ಕಾಣಬೇಕು. ಕತ್ತು ತಿರುಚಿ ಹುಡುಕಬೇಕಾದರೆ ಬಟ್ ನಿಮಗಲ್ಲ.

ದುಬಾರಿ ರೈಫಲ್‌ಗಳಲ್ಲೇ ಈ ತೊಂದರೆ ಹೆಚ್ಚು. ಬಲಗೈಯವರ ಕೆನ್ನೆಗೆ ಅಂತ ಬಟ್ಟಿನ ಎಡಬದಿಯಲ್ಲಿ ಉಬ್ಬು ಕೊಟ್ಟಿರುತ್ತಾರೆ, ಬಟ್ ಸ್ವಲ್ಪ ಬಲಕ್ಕೆ ವಾಲಿರುತ್ತದೆ, ಹಿಡಿಯಲ್ಲಿ ಬಲ ಅಂಗೈಗೆ ಗುಬುಟು ಇರುತ್ತದೆ. ಎಡಗೈಯವರಿಗೆ ಇವೆಲ್ಲ ಉಲ್ಟಾ. ನೇರವಾದ, ಸಾದಾ ಬಟ್ಟೇ ನಮಗೆ ಒಳ್ಳೆಯದು. ಟ್ರಿಗರ್‌ನಿಂದ ಬಟ್ಟಿನ ತುದಿಗೆ ಟೇಪು ಹಿಡಿಯಿರಿ. ಸಾಮಾನ್ಯ ಮೈಕಟ್ಟಿಗೆ 13ರಿಂದ 14 ಇಂಚು ಇರುತ್ತದೆ. ಉದ್ದ ಜಾಸ್ತಿ ಇದ್ದರೆ ಅಂಗಿಗೆ ಸಿಗುತ್ತದೆ. ಕಡಿಮೆ ಇದ್ದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ.

ಈಗ ಡೀಲರ್ ಒಪ್ಪಿಗೆ ಕೇಳಿ ಡಮ್ಮಿ ತುಂಬಿ, ಹಂತ 4ರ ಎರಡೂ ರೀತಿಯಲ್ಲಿ ಬೋಲ್ಟ್ ನಡೆಸಿ. ಉದ್ದ ತೋಳಿನ ಅಂಗಿ ಬೇಕಿದ್ದದ್ದು ಇದಕ್ಕೇ. ಜೊತೆಗೆ ಬಂದವರು ಬದಿಯಲ್ಲಿ ನಿಂತು ಬಂದೂಕಿನ ಬಾಯಿ ಎಷ್ಟು ಅಲುಗುತ್ತದೆ ಅಂತ ಮಾತ್ರ ನೋಡಲಿ. ಸುಮ್ನೆ ಒಂದು ಸಲ ಮಾಡಿ ಬಿಡಬೇಡಿ, ಕೈ ಸೋಲುವ ತನಕ ಮಾಡಿ. ಕೈ ಸೋತ ಮೇಲೆಯೇ ತಪ್ಪು ಹೊರಬರುವುದು.

## ಹಂತ 6: ಬಂದೂಕಿನ ತಪಾಸಣೆ

ಬಲಗೈ ರೈಫಲ್ ಎಡ ಹೆಗಲಿಗೆ ಇಟ್ಟಾಗ ನಿಮ್ಮ ಮುಖ ಕಿಂಡಿ ಇರುವ ಕಡೆಗೇ ಇರುತ್ತದೆ. ಬಲಗೈಯವರಿಗೆ ಅದು ಆಚೆ ಬದಿ. ಕಾಡತೂಸಿನ ಕೇಸು ಸೀಳಿದರೆ, ತಳದ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಟೋಪಿ) ತೂತಾದರೆ, ಬಿಸಿ ಗಾಳಿ ಹೊರಬರುವುದು ನಿಮ್ಮ ಕಣ್ಣಿನ ಪಕ್ಕ. ಹಾಗಾಗಿ ಬಲಗೈಯವರು "ನಡೀತದೆ ಬಿಡಿ" ಅನ್ನುವ ದೋಷ ನಿಮಗೆ ನಡೆಯುವುದಿಲ್ಲ. ಕನ್ನಡಕವಿಲ್ಲದೆ ಹೊಡೆಯಬೇಡಿ, ತಪಾಸಣೆಯಲ್ಲಿ ರಿಯಾಯಿತಿ ಕೊಡಬೇಡಿ.

1. ಖಾಲಿ ಇದೆಯಾ. ಮ್ಯಾಗಜಿನ್ (ಕಾಡತೂಸು ತುಂಬುವ ಡಬ್ಬಿ) ತೆಗೆಯಿರಿ, ಬೋಲ್ಟ್ ತೆರೆಯಿರಿ, ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಮಾರುವವರು ಈಗಷ್ಟೇ ತೋರಿಸಿದ್ದರೂ ಮತ್ತೆ ನೋಡಿ.

2. ನಂಬರ್. ಬೋಲ್ಟ್ ಮೇಲಿನ ನಂಬರ್ ಮತ್ತು ಬಾಡಿ ಮೇಲಿನ ನಂಬರ್ ಒಂದೇ ಇರಬೇಕು. ಬೇರೆ ಇದ್ದರೆ ಬೋಲ್ಟ್ ಬೇರೆ ಬಂದೂಕಿನದು. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಇದು ದೊಡ್ಡ ವಿಷಯ. ನಂಬರ್ ಉಜ್ಜಿದ ಗುರುತು ಕಂಡರೆ ಮಾತು ಬೆಳೆಸದೆ ಎದ್ದು ಬನ್ನಿ.

3. ಬ್ಯಾರೆಲ್ ಒಳಗೆ. ಅಂಗಡಿಯವರು ಎಣ್ಣೆ ಸವರಿ ಇಟ್ಟಿರುತ್ತಾರೆ, ಎಣ್ಣೆಯಡಿ ತುಕ್ಕಿನ ಗುಳಿ ಕಾಣುವುದಿಲ್ಲ. ಒಣ ಬಟ್ಟೆ ಒಂದೆರಡು ಸಲ ಹಾಯಿಸಿ. ಬಟ್ಟೆ ಕೆಂಪಗೆ ಬಂದರೆ ತುಕ್ಕು. ಆಮೇಲೆ ಬೋಲ್ಟ್ ಹೊರತೆಗೆದು ಕೈಯಲ್ಲಿ ಇಟ್ಟುಕೊಂಡು, ಬಾಯಿಯ ಮುಂದೆ ಬಿಳಿ ಕಾಗದ ಹಿಡಿದು ಅದರ ಮೇಲೆ ಟಾರ್ಚ್ ಬಿಡಿ, ಹಿಂದಿನಿಂದ ನೋಡಿ. ಸುರುಳಿ ಗೆರೆಗಳ ಅಂಚು ಚೂಪಾಗಿ ಬಾಯಿಯ ತನಕ ಹೋಗಬೇಕು. ನಡುವೆ ಬಳೆಯಂತೆ ಕಪ್ಪು ನೆರಳು ಕಂಡರೆ ಬ್ಯಾರೆಲ್ ಒಳಗೆ ಉಬ್ಬಿದೆ. ಯಾರೋ ಅಡ್ಡ ಸಿಕ್ಕಿದ್ದನ್ನು ನೋಡದೆ ಹೊಡೆದಿದ್ದಾರೆ. ಅಂಥದ್ದು ಯಾವ ಬೆಲೆಗೂ ಬೇಡ.

4. ಬಾಯಿಯ ಅಂಚು. ಚೂರು ಹತ್ತಿಯನ್ನು ಅಂಚಿನ ಸುತ್ತ ಮೆತ್ತಗೆ ಎಳೆಯಿರಿ. ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಚಪ್ಪಟೆಯೋ ಚೂರು ಎದ್ದಿದ್ದೋ ಇದೆ. ಗುರಿ ಕೆಡಲು ಅಷ್ಟು ಸಾಕು.

5. ಬೋಲ್ಟ್. ಲಾಕ್ ಆಗುವ ಹಲ್ಲುಗಳಲ್ಲಿ ಬಿರುಕು, ಒಂದು ಕಡೆ ಮಾತ್ರ ಹೊಳಪು ಇದೆಯಾ ನೋಡಿ. ಒಂದೇ ಕಡೆ ಹೊಳಪಿದ್ದರೆ ಭಾರವೆಲ್ಲ ಒಂದೇ ಹಲ್ಲಿನ ಮೇಲೆ ಬೀಳುತ್ತಿದೆ. ಬೋಲ್ಟಿನ ಮುಖದಲ್ಲಿ ಪ್ರೈಮರ್‌ಗೆ ಬಡಿಯುವ ಪಿನ್ ಸುತ್ತ ಸುಟ್ಟ ಗುಳಿಗಳಿದ್ದರೆ ಹಿಂದೆ ಪ್ರೈಮರ್‌ನಿಂದ ಗಾಳಿ ಸೋರಿದೆ ಅಂತ ಅರ್ಥ. ಎಡಗೈಯವರು ಅಲ್ಲಿಗೇ ನಿಲ್ಲಿಸಿ.

6. ಟ್ರಿಗರ್ ಮತ್ತು ಸೇಫ್ಟಿ. ಖಾಲಿ ಬಂದೂಕಿನಲ್ಲಿ ಬೋಲ್ಟ್ ಮುಚ್ಚಿ, ಸೇಫ್ಟಿ ಹಾಕಿ, ಟ್ರಿಗರ್ ಒತ್ತಿ ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. ಆಗ ಟಕ್ ಅಂದರೆ ಆ ಬಂದೂಕು ಒಂದು ದಿನ ಯಾರನ್ನಾದರೂ ಕೊಲ್ಲುತ್ತದೆ. ಸೇಫ್ಟಿ ತೆಗೆದೇ ಬಟ್ ಅನ್ನು ರಬ್ಬರ್ ಮ್ಯಾಟ್ ಮೇಲೆ ಕುಟ್ಟಿ ನೋಡಿ, ಆಗಲೂ ಟಕ್ ಅನ್ನಬಾರದು.

7. ಕಟ್ಟಿಗೆ. ಬಾಡಿ ಮುಗಿದು ಹಿಡಿ ಶುರುವಾಗುವ ಜಾಗದಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಪಾಲಿಶ್ ಹೊಸದಾಗಿದ್ದರೆ ಇನ್ನೂ ಹುಷಾರು.

8. ಡಮ್ಮಿ ಓಟ. ಮ್ಯಾಗಜಿನ್ ತುಂಬಿ ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ ನಡೆಸಿ. ಪ್ರತಿಯೊಂದೂ ತಡೆಯಿಲ್ಲದೆ ಒಳಗೆ ಹೋಗಿ ಹೊರಗೆ ಚಿಮ್ಮಬೇಕು. ಕೇಸು ಒಳಗೇ ಉಳಿದರೆ ಅದನ್ನು ಎಳೆದು ತೆಗೆಯುವ ಕೊಕ್ಕೆ, ಅಂದರೆ ಎಕ್ಸ್‌ಟ್ರ್ಯಾಕ್ಟರ್, ಸವೆದಿರಬಹುದು. ಇದು ರಿಪೇರಿ ಆಗುತ್ತದೆ, ಬೆಲೆ ಇಳಿಸಲು ಬಳಸಿಕೊಳ್ಳಿ.

9. ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿನ ಮುಂದೆ ಕಾಡತೂಸಿಗೆ ಉಳಿಯುವ ಜಾಗದ ಅಳತೆ. ಇದನ್ನು ನೀವೇ ಅಂದಾಜು ಮಾಡಬೇಡಿ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಗೋ, ನೋ-ಗೋ ಗೇಜ್ (ಕಾಡತೂಸಿನ ಜಾಗದಲ್ಲಿಡುವ ಅಳತೆ ತುಂಡು) ಹಾಕಿಸಿ. ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಅದೇ ಬಂದೂಕಿನಲ್ಲಿ ಹೊಡೆದ ಹಳೆ ಕೇಸುಗಳು ಮಾರುವವರ ಹತ್ತಿರ ಇದ್ದರೆ ಕೇಳಿ ನೋಡಿ. ತಳದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ, ಅಲ್ಲೇ ಬಿರುಕು, ಹೊರಗೆ ಎದ್ದ ಪ್ರೈಮರ್, ಕೇಸಿನ ಮೈಮೇಲೆ ಮಸಿ, ಇವು ಕೇಡಿನ ಗುರುತು.

## ಹಂತ 7: ಕಾಗದ

ಬೆಳಗಾವಿ ನಗರದವರಿಗೆ ಪೊಲೀಸ್ ಕಮಿಷನರೇಟ್, ಉಳಿದ ಕಡೆ ಜಿಲ್ಲಾಧಿಕಾರಿ ಕಚೇರಿ. ಲೈಸೆನ್ಸಿನಲ್ಲಿರುವ ಬೋರ್ ಮತ್ತು ಬಗೆ ನೀವು ಕೊಳ್ಳುವುದಕ್ಕೆ ಹೊಂದಬೇಕು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಬಂದೂಕು. ಅಪ್ಪನ ಜೋಡುನಳಿಗೆ ಈಗಾಗಲೇ ನಿಮ್ಮ ಹೆಸರಿಗೆ ಬಂದಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ.

ಖಾಸಗಿಯವರಿಂದ ಕೊಳ್ಳುವಾಗ ಜನ ಎಡವುವುದು ಒಂದೇ ಕಡೆ. ಮಾರುವವರು ಕೊಳ್ಳುವವರ ಹೆಸರು, ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಮೊದಲೇ ತಿಳಿಸಬೇಕು, ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಪರಿಚಯದವರು, ಬೀಗರು ಅಂತ ಮೊದಲೇ ಬಂದೂಕು ಮನೆಗೆ ತಂದಿಟ್ಟುಕೊಂಡರೆ ಇಬ್ಬರ ಮೇಲೂ ಕೇಸು. ತಿಳಿಸಿದ್ದಕ್ಕೆ ಸ್ವೀಕೃತಿ ಮುದ್ರೆ ಇರುವ ಪ್ರತಿ ನಿಮ್ಮ ಹತ್ತಿರವೂ ಒಂದು ಇರಲಿ.

## ಹಂತ 8: ಮೊದಲ ಗುಂಡು, ಮೊದಲ ಮಳೆಗಾಲ

ಹೊಲದಲ್ಲಿ ಶುರು ಮಾಡಬೇಡಿ, ಅನುಮತಿ ಇರುವ ರೇಂಜಿಗೆ ಹೋಗಿ. ಕನ್ನಡಕ, ಕಿವಿಗೆ ಮುಚ್ಚಳ ಹಾಕಿ, ಮರಳು ಚೀಲದ ಮೇಲಿಟ್ಟು, ಮ್ಯಾಗಜಿನ್‌ನಲ್ಲಿ ಒಂದೇ ಕಾಡತೂಸು. ಪ್ರತಿ ಗುಂಡಿನ ನಂತರ ಕೇಸು ಎತ್ತಿ ಮೇಲೆ ಹೇಳಿದ ಗುರುತು ಹುಡುಕಿ. ಟಕ್ ಅಂದು ಗುಂಡು ಹಾರದಿದ್ದರೆ ಬೋಲ್ಟ್ ಕಡೆ ಕೈ ಹಾಕಬೇಡಿ. ಬಾಯಿ ಗುರಿಯ ಕಡೆಗೇ ಇಟ್ಟು, ಮುಖ ಹಿಂದೆ ತೆಗೆದು, ಅರ್ಧ ನಿಮಿಷ ತಡೆಯಿರಿ. ಮುಖ ಕಿಂಡಿಯ ಕಡೆ ಇರುವವರು ಇದನ್ನು ಮರೆಯಬಾರದು.

ಖಾನಾಪುರ, ಬೆಳಗಾವಿಯ ಮಳೆಗೆ ಒಂದು ವಾರ ಮರೆತರೆ ಸಾಕು, ಬೋಲ್ಟ್ ಮೇಲೆ ಕೆಂಪು ಚುಕ್ಕೆ ಏಳುತ್ತದೆ. ಬಟ್ಟೆಯ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದುಕೊಳ್ಳುತ್ತದೆ. ವಿಜಯಪುರದ ಧೂಳಿಗೆ ಇದಕ್ಕೆ ವಿರುದ್ಧವಾಗಿ ಎಣ್ಣೆ ಕಡಿಮೆ ಇರಬೇಕು, ಜಾಸ್ತಿ ಎಣ್ಣೆ ಇದ್ದರೆ ಧೂಳು ಕೂತು ಬೋಲ್ಟ್ ಕರಕರ ಅನ್ನುತ್ತದೆ.

ಚುನಾವಣೆ ಬಂದಾಗ ಠಾಣೆಯಲ್ಲಿ ಬಂದೂಕು ಜಮಾ ಮಾಡಲು ಆದೇಶ ಬರುತ್ತದೆ. ಹಿಂದಿನ ದಿನ ಬ್ಯಾರೆಲ್ ಒಳಗೆ, ಬೋಲ್ಟ್ ಮೇಲೆ ತೆಳ್ಳಗೆ ಎಣ್ಣೆ ಸವರಿ, ನಂಬರ್ ಕಾಣುವಂತೆ ಫೋಟೋ ತೆಗೆದು, ಬಟ್ಟಿಗೆ ಹೆಸರಿನ ಚೀಟಿ ಕಟ್ಟಿ ಕೊಡಿ. ವಾಪಸ್ ತಗೊಳ್ಳುವಾಗ ಅಲ್ಲೇ ಬೋಲ್ಟಿನ ನಂಬರ್ ನೋಡಿ, ರಸೀದಿಗೆ ಸಹಿ ಆಮೇಲೆ ಹಾಕಿ. ಒಂದೇ ಮಾದರಿಯ .315ಗಳು ಸಾಲಾಗಿ ನಿಂತಿರುವ ಕೋಣೆಯಲ್ಲಿ ಬೋಲ್ಟ್ ಅದಲು ಬದಲಾದರೆ ಹಂತ 6 ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.